ಹಳ್ಳಕ್ಕೆ ಜಾಗ ಬಿಟ್ಟವರು

ಮರೋಳದ ಹಿಂಬದಿಯಲ್ಲಿ, ಕಾರ್ಖಾನೆಗಳ ಗೋಡೆಗಳನ್ನು ಸವರಿಕೊಂಡು ಬಂದು ಮಿಠಿ ನದಿಗೆ ಸೇರುವ ಒಂದು ಹಳ್ಳವಿದೆ. ಎಲ್ಲರೂ ಅದನ್ನು ನಾಲಾ ಎನ್ನುತ್ತಾರೆ. ಮಹಾದೇವಿ ಮಾತ್ರ ಹಳ್ಳ ಎನ್ನುತ್ತಿದ್ದಳು. ಇಂಡಿ ತಾಲೂಕಿನಿಂದ ಗಂಡ ಶರಣು ಜೊತೆ ಮುಂಬಯಿಗೆ ಬಂದು, ಆ ದಂಡೆಯ ಗಲ್ಲಿಯಲ್ಲಿ ತಗಡಿನ ಮನೆ ಹಾಕಿಕೊಂಡಾಗ ನೀರಿನ ತಳದ ಕಲ್ಲು ಕಾಣುತ್ತಿತ್ತಂತೆ. ಶರಣು ಗಾರೆ ಕೆಲಸದವನು. ಅವನ ಕೈಯಲ್ಲಿ ತಗಡಿನ ಮನೆ ಇಟ್ಟಿಗೆಯದಾಯಿತು, ಮೇಲೊಂದು ಅಟ್ಟ ಬಂತು. ಮಗಳು ಶೈಲಾ ಅಲ್ಲೇ ಹುಟ್ಟಿ ಬೆಳೆದು, ಮದುವೆಯಾಗಿ ಕಲ್ಯಾಣಕ್ಕೆ ಹೋದಳು. ಅಷ್ಟರಲ್ಲಿ ಹಳ್ಳ ಕಪ್ಪಾಗಿತ್ತು.

ಮಳೆಗಾಲದಲ್ಲಿ ಆ ಕಪ್ಪು ನೀರು ಮನೆಯೊಳಗೆ ಬರುತ್ತಿತ್ತು. ಸಿಲಿಂಡರು, ಅಕ್ಕಿಯ ಡಬ್ಬಿ, ಹಾಸಿಗೆ ಎಲ್ಲವನ್ನೂ ಅಟ್ಟಕ್ಕೆ ಏರಿಸಬೇಕು. ನೀರಿಳಿದ ಮೇಲೆ ಕೆಸರು ಬಳಿಯಬೇಕು, ಬಳಿದು ಕೆಲಸಕ್ಕೆ ಓಡಬೇಕು. ಅವಳ ಕೆಲಸ ವಿಮಾನ ನಿಲ್ದಾಣದ ಹತ್ತಿರ, ವಿಮಾನಗಳ ಕಂಬಳಿ ಒಗೆಯುವ ಒಂದು ಲಾಂಡ್ರಿಯಲ್ಲಿ. ದಿನವಿಡೀ ನಿಂತುಕೊಂಡು ಮಡಚುವುದು. ಸಂಜೆಯ ಹೊತ್ತಿಗೆ ಕಾಲು ಬಾತು ಚಪ್ಪಲಿ ಬಿಗಿಯಾಗುತ್ತಿತ್ತು.

ನದಿ ಉಳಿಸಬೇಕೆಂದು ಹೊರಟವಳಲ್ಲ ಮಹಾದೇವಿ. ಹಳೆಯ ಕಟ್ಟಡಗಳನ್ನು ಒಡೆದ ಕಲ್ಲುಮಣ್ಣನ್ನು ಲಾರಿಗಳು ತಂದು ಹಳ್ಳಕ್ಕೆ ಸುರಿಯುತ್ತಿದ್ದವು. ಸುರಿದಷ್ಟೂ ಹಳ್ಳ ಕಿರಿದಾಗುತ್ತಿತ್ತು, ಕಿರಿದಾದಷ್ಟೂ ಗಲ್ಲಿಯಲ್ಲಿ ನೀರು ಏರುತ್ತಿತ್ತು. ಗಲ್ಲಿಯ ಹೆಂಗಸರನ್ನು ಕಟ್ಟಿಕೊಂಡು ಅವಳು ಆಫೀಸಿನಿಂದ ಆಫೀಸಿಗೆ ಅಲೆದಳು. ಒಬ್ಬರು ಇನ್ನೊಬ್ಬರನ್ನು ತೋರಿಸುತ್ತಿದ್ದರು. ಅಂಥದ್ದೊಂದು ಆಫೀಸಿನ ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತಿದ್ದ ಬಿಳಿಗೂದಲಿನ ಹೆಂಗಸು ಇವರ ಮಾತು ಕೇಳಿಸಿಕೊಂಡು, "ನೀವು ಕನ್ನಡದವರಾ? ನಾನು ಸಹ ಇದೇ ನಾಲೆಯ ವಿಷಯಕ್ಕೆ ಬಂದದ್ದು ಮಾರಾಯ್ತಿ" ಎಂದರು.

ಅವರು ವಸಂತಿ ಟೀಚರ್. ಉಡುಪಿ ಕಡೆಯವರು, ವಿಲೆ ಪಾರ್ಲೆಯಲ್ಲಿ ಮನೆ, ಶಾಲೆಯಿಂದ ನಿವೃತ್ತರಾಗಿದ್ದರು. ಮಿಠಿ ನದಿಗಾಗಿ ಹಲವು ಗುಂಪುಗಳು ದುಡಿಯುತ್ತಿದ್ದರೂ ಒಬ್ಬರಿಗೊಬ್ಬರ ಗುರುತಿಲ್ಲವೆಂಬುದು ಅವರ ಕೊರಗು. ಮೇಲೆ ಕಾಡಿನ ಅಂಚಿನಲ್ಲಿ ಚಾರಣದವರು ಪ್ಲಾಸ್ಟಿಕ್ ಆಯುತ್ತಿದ್ದರು. ನಡುವೆ ಕಾಲೇಜಿನವರು ಗಿಡ ನೆಡುತ್ತಿದ್ದರು. ಕೆಳಗೆ, ನದಿ ಕಡಲು ಸೇರುವ ಮಾಹಿಮ್‌ನಲ್ಲಿ ಮೀನುಗಾರರು ಬಲೆಗೆ ಸಿಕ್ಕ ಕಸವನ್ನು ಕಿತ್ತು ಹಾಕುತ್ತಾ ಮೇಲಿನವರನ್ನೆಲ್ಲ ಬೈಯುತ್ತಿದ್ದರು. ಇವರನ್ನೆಲ್ಲ ಒಂದು ಒಕ್ಕೂಟ ಮಾಡಲು ಟೀಚರ್ ಮನೆಮನೆ ಸುತ್ತಿದರು. ಮಹಾದೇವಿಯ ಗಲ್ಲಿಯೂ ಅದರೊಳಗೆ ಸೇರಿತು. ಒಕ್ಕೂಟಕ್ಕೆ ಹೆಸರಿಡುವ ಜಗಳದಲ್ಲೇ ಒಂದು ಮಳೆಗಾಲ ಕಳೆದುಹೋಯಿತು. ಬ್ಯಾನರಿನಲ್ಲಿ ಯಾರ ಗುರುತು ಮೊದಲು ಬರಬೇಕೆಂದು ಇನ್ನಷ್ಟು ದಿನ ಹೋದವು. ಪಾರ್ಲೆಯ ಶಾಲೆಯೊಂದರ ಸಭಾಂಗಣದಲ್ಲಿ ಭಾನುವಾರದ ಸಭೆಗಳು ನಡೆಯುತ್ತಿದ್ದವು. ಮಹಾದೇವಿ ಗೋಡೆಗೆ ಒರಗಿ ಕುಳಿತು, ಅರ್ಥವಾದಷ್ಟು ಕೇಳಿ, ಎಷ್ಟೋ ಸಲ ಅಲ್ಲೇ ನಿದ್ದೆ ಹೋಗುತ್ತಿದ್ದಳು. ಟೀಚರ್ ಎಬ್ಬಿಸುತ್ತಿರಲಿಲ್ಲ.

ಆದರೂ ಒಂದು ಕೆಲಸ ಆಯಿತು. ಲಾರಿಗಳು ಹಳ್ಳಕ್ಕೆ ಇಳಿಯುವ ದಾರಿಯಲ್ಲಿ ಸರದಿಯ ಮೇಲೆ ಕೂರುವುದೆಂದು ಎಲ್ಲ ಗುಂಪುಗಳೂ ಒಪ್ಪಿದವು. ಬೆಳಿಗ್ಗೆ ಚಾರಣದವರು, ಮಧ್ಯಾಹ್ನ ಗಲ್ಲಿಯ ಹೆಂಗಸರು, ಸಂಜೆ ಕಾಲೇಜಿನವರು. ಮಾಹಿಮ್‌ನ ಮೀನುಗಾರ ಹೆಂಗಸರು ಬುಟ್ಟಿ ಖಾಲಿಯಾದ ಮೇಲೆ ಬಂದು ಜೊತೆ ಕೂರುತ್ತಿದ್ದರು. ಮಹಾದೇವಿಗೆ ರಜೆಯಿದ್ದ ಒಂದು ಮಧ್ಯಾಹ್ನ ಲಾರಿಯವನೊಬ್ಬ ಹಾರ್ನ್ ಒತ್ತುತ್ತಾ ಮುಂದೆ ಮುಂದೆ ಬಂದ. ಮಹಾದೇವಿಯೂ ಪಕ್ಕದ ಮನೆಯ ಸೇವಂತಿಯೂ ಕುಳಿತ ಮಣೆಯಿಂದ ಏಳಲಿಲ್ಲ. ಬಂಪರು ಮಹಾದೇವಿಯ ಮೊಣಕಾಲಿಗೆ ತಾಗುವಷ್ಟು ಹತ್ತಿರ ಬಂದು ನಿಂತಿತು. "ಬಾ, ಬಾ, ನಮ್ಮ ಮ್ಯಾಲೇ ಸುರಿ!" ಎಂದು ಸೇವಂತಿ ಕೂಗಿದಳು. ಅವನು ಹಿಂದಕ್ಕೆ ಹೋದ. ಕೆಲವು ತಿಂಗಳಲ್ಲಿ ಲಾರಿಗಳು ಬರುವುದು ನಿಂತೇಹೋಯಿತು. ಆ ಬೇಸಿಗೆ ಮಹಾದೇವಿಗೆ ಸಭೆಗೆ ಹೋಗುವುದು ಭಾರವೆನಿಸಲಿಲ್ಲ.

ಅದೇ ಹುಮ್ಮಸ್ಸಿನಲ್ಲಿ ಒಕ್ಕೂಟ ಕೋರ್ಟಿಗೆ ಹೋಯಿತು. ಹಳ್ಳದ ಎರಡೂ ಬದಿಗೆ ಕಾಂಕ್ರೀಟ್ ಗೋಡೆ ಕಟ್ಟುವ ಯೋಜನೆ ತಯಾರಾಗಿತ್ತು. ಗೋಡೆ ಎದ್ದರೆ ಹಳ್ಳ ಬರೀ ಗಟಾರವಾಗುತ್ತದೆ, ನೀರು ನೆಲಕ್ಕೆ ಇಳಿಯುವುದಿಲ್ಲ ಎಂದು ಅರ್ಜಿ ಬರೆದವನು ಅಕ್ಷಯ. ಪಾರ್ಲೆಯಲ್ಲೇ ಹುಟ್ಟಿ ಬೆಳೆದ ವಕೀಲ, ತಂದೆಯದು ಹೋಟೆಲು. ಕನ್ನಡ ಅರ್ಥವಾಗುತ್ತಿತ್ತು, ಆಡಲು ತಡವರಿಸುತ್ತಿದ್ದ. ಅರ್ಜಿಯ ಸಾರವನ್ನು ಅವನು ಎಲ್ಲರಿಗೂ ಹಿಂದಿಯಲ್ಲಿ ಹೇಳಿದ: ಗೋಡೆ ಬೇಡ, ದಂಡೆ ಖಾಲಿ ಇರಲಿ. ಖಾಲಿ ಎಂದರೆ ಲಾರಿಯ ಕಲ್ಲುಮಣ್ಣು ಇಲ್ಲದ್ದು ಎಂದು ಮಹಾದೇವಿ ತಿಳಿದಳು. ಗಲ್ಲಿಯ ಪರವಾಗಿ ಕನ್ನಡದಲ್ಲಿ ಸಹಿ ಮಾಡಿದಳು.

ಮುಂದಿನ ವರ್ಷ ಗಲ್ಲಿಯ ಗೋಡೆಗೆ ನೋಟೀಸು ಬಿತ್ತು. ಕೋರ್ಟಿಗೆ ಬಂದ ಅರ್ಜಿಯ ಮೇರೆಗೆ ದಂಡೆ ಖಾಲಿ ಮಾಡಿಸಲಾಗುವುದು, ಮನೆಗಳವರು ತೆರವು ಮಾಡಬೇಕು. ಬದಲಿ ಮನೆ ಕೊಡುವ ಜಾಗ ಊರಿನ ಇನ್ನೊಂದು ತುದಿಯಲ್ಲಿತ್ತು. ಸೇವಂತಿ ಬಾಗಿಲಿಗೆ ಬಂದು ನಿಂತಳು, ಒಳಗೆ ಬರಲಿಲ್ಲ.

"ಅಕ್ಕಾ, ದಂಡಿ ಖಾಲಿ ಮಾಡ್ರಿ ಅಂತ ಕೇಳಿದವರೊಳಗ ನಿನ್ನ ಹೆಸರೂ ಐತಂತಲ್ಲ?"

ಮಹಾದೇವಿ ಎದ್ದು ಬಾಗಿಲಿಗೆ ಬರುವಷ್ಟರಲ್ಲಿ ಸೇವಂತಿ ಹೊರಟುಹೋದಳು. ಅಂದಿನಿಂದ ನಳದ ಬಳಿ ಮಹಾದೇವಿ ಬಂದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಮನೆಯಲ್ಲಿ ಶರಣು ಬೈಯಲೂ ಇಲ್ಲ. ತಾನು ಕಟ್ಟಿದ ಗೋಡೆಗೆ ಬೆನ್ನು ಕೊಟ್ಟು ಕುಳಿತು, "ಭಾನುವಾರ ಭಾನುವಾರ ಇದಕ್ಕ ಹೋಗತಿದ್ದೇನು?" ಎಂದಷ್ಟೇ ಕೇಳಿದ.

ಆ ವಾರದ ಸಭೆಯಲ್ಲಿ ಅವಳು ಗೋಡೆಗೆ ಒರಗಲಿಲ್ಲ. ನಿಂತುಕೊಂಡೇ ಮಾತಾಡಿದಳು.

"ಟೀಚರ್, ಖಾಲಿ ಅಂದ್ರ ಅದರಾಗ ನಾವೂ ಬಂದ್ವೇನ್ರಿ?"

ಟೀಚರ್ ಅಕ್ಷಯನ ಮುಖ ನೋಡಿದರು. ಅಕ್ಷಯ ತಡೆದು ತಡೆದು ಹೇಳಿದ: "ಆಂಟಿ, ನಾನು ಸುಳ್ಳು ಹೇಳುದಿಲ್ಲ. ಆ ಜಾಗ ನದಿಗೆ ಬೇಕು. ಹರ್ ಸಾಲ್ ಮಳೆಗಾಲದಲ್ಲಿ ನಿಮ್ಮ ಮನೆಗೆ ನೀರು ಬರ್ತದಲ್ಲ, ಅದು ನೀರಿನದ್ದೇ ಜಾಗ. ಆದ್ರೆ ಮತ್ಲಬ್... ನಿಮ್ಮನ್ನು ಅಷ್ಟು ದೂರ ಕಳಿಸ್ತಾರೆ ಅಂತ ನಾನು ಸೋಚ್... ಯೋಚನೆಯೇ ಮಾಡ್ಲಿಲ್ಲ. ಮಾಡ್ಬೇಕಿತ್ತು."

ಅವನು ಹೇಳಿದ್ದು ನಿಜವೆಂದು ಮಹಾದೇವಿಗೆ ಗೊತ್ತಿತ್ತು. ಅವನೊಬ್ಬ ಮೋಸಗಾರನಾಗಿದ್ದರೆ ಕೂಗಾಡಿ ಹಗುರವಾಗಬಹುದಿತ್ತು.

"ನೀರಿನ ಜಾಗ ಅನ್ನೂದು ನನಗೂ ಗೊತ್ತೈತಪ್ಪಾ. ಕೆಸರು ಬಳದು ಬಳದು ನನ್ನ ನಡಾ ಬಿದ್ದೈತಿ. ಬಿಡೂದಿಲ್ಲ ಅಂತ ನಾ ಅನ್ನಾಕತ್ತಿಲ್ಲ. ಬಿಟ್ಟು ಎಲ್ಲಿಗೆ ಹೋಗೂದು? ಆ ತುದೀಗೆ ಒಗದ್ರ ನನ್ನ ಕೆಲಸ ಹೋತು, ಸೇವಂತಿ ಹುಡುಗೂರ ಸಾಲಿ ಹೋತು. ಇಲ್ಲೇ, ನಡಕೊಂಡು ಹೋಗೂವಷ್ಟು ದೂರದಾಗ ಮನಿ ಕೊಟ್ರ ನಾವಾಗೇ ಬಿಡ್ತೀವಿ. ಅದನ್ನೂ ಅರ್ಜಿಯೊಳಗ ಬರೀರಿ. ಇಲ್ಲಂದ್ರ ನನ್ನ ಹೆಸರು ತಗೀರಿ."

ಚಾರಣದ ಗುಂಪಿನ ಮುಖ್ಯಸ್ಥ ಮರಾಠಿಯಲ್ಲಿ, ನಾವು ಕೂಡಿದ್ದು ನದಿಗಾಗಿ, ಮನೆಗಳ ಪ್ರಶ್ನೆ ಹಿಡಿದರೆ ಹತ್ತು ವರ್ಷವಾದರೂ ಮುಗಿಯುವುದಿಲ್ಲ, ಅಷ್ಟರಲ್ಲಿ ಗೋಡೆ ಎದ್ದಿರುತ್ತದೆ ಎಂದ. ಅವನು ಕೆಟ್ಟವನಲ್ಲ, ಲಾರಿಯ ದಾರಿಯಲ್ಲಿ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದವನು. ಮೀನುಗಾರರು ಮಹಾದೇವಿಯ ಪರ ನಿಂತರು. ಇವತ್ತು ಇವರ ದಂಡೆ, ನಾಳೆ ನಮ್ಮ ದಂಡೆ ಎಂದರು. ಕಾಲೇಜಿನವರು ಇಬ್ಭಾಗವಾದರು. ಸಂಜೆಯಾದರೂ ಮಾತು ಮುಗಿಯಲಿಲ್ಲ. ಕೊನೆಗೆ ಅರ್ಜಿ ತಿದ್ದುವುದೆಂದು ತೀರ್ಮಾನವಾಯಿತು. ಚಾರಣದವರು ಕೈಮುಗಿದು ಒಕ್ಕೂಟದಿಂದ ಹೊರಗೆ ಹೋದರು.

ಸಭೆ ಮುಗಿದ ಮೇಲೆ ಟೀಚರೂ ಮಹಾದೇವಿಯೂ ಪಾರ್ಲೆ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತರು. ಎರಡು ಲೋಕಲ್ ಬಂದುಹೋದವು.

"ನೀವು ಬಿಟ್ಟರೆ ನಾನು ಸಹ ಬಿಡ್ತೇನೆ ಮಹಾದೇವಿ. ನಂಗೂ ಸಾಕಾಗಿ ಉಂಟು. ಎಲ್ಲರನ್ನು ಸೇರಿಸಿದ್ದು ಎಂತಕ್ಕೆ, ಹೀಗೆ ಒಡೆದು ಹೋಗ್ಲಿಕ್ಕಾ?" ಎಂದರು ಟೀಚರ್.

"ಇಬ್ಬರೂ ಬಿಟ್ರ ಲಾರಿ ಮತ್ತ ಬರ್ತಾವ್ರಿ" ಎಂದಳು ಮಹಾದೇವಿ. ಅದಕ್ಕಿಂತ ದೊಡ್ಡ ಕಾರಣ ಅವಳಿಗೂ ಸಿಗಲಿಲ್ಲ. ಮುಂದಿನ ಗಾಡಿ ಬಂದಾಗ ಎದ್ದು ಹತ್ತಿದಳು.

ಚಾರಣದವನು ಹೆದರಿದಂತೆಯೇ ಆಯಿತು. ಅರ್ಜಿ ತಿದ್ದಿದ ಮೇಲೆ ವಿಚಾರಣೆ ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. ಎಲ್ಲಿ ಕೇಳಿದರೂ, ನೀವೇ ಮೊದಲು ಒಂದು ಮಾತಿಗೆ ಬನ್ನಿ ಎನ್ನುವ ಉತ್ತರ. ಈ ನಡುವೆ ಆಚೆಯ ದಂಡೆಯಲ್ಲಿ, ಮನೆಗಳಿಲ್ಲದ ಕಡೆ, ಕಾಂಕ್ರೀಟ್ ಗೋಡೆ ಎದ್ದುನಿಂತಿತು. ಅತ್ತ ಹರಡಲಾಗದ ನೀರು ಮರುವರ್ಷದ ಮಳೆಗೆ ಇತ್ತಲೇ ನುಗ್ಗಿತು. ಆ ಬೆಳಿಗ್ಗೆ ಶರಣು ಸಿಲಿಂಡರು ಹೊತ್ತು ಏಣಿ ಹತ್ತುವಾಗ ಜಾರಿ ಬಿದ್ದ. ಸೊಂಟದ ಮೂಳೆ ಮುರಿಯಿತು. ಸೊಂಟದ ಮಟ್ಟ ನೀರಿನಲ್ಲಿ ಅವನನ್ನು ಬಾಗಿಲ ಹಲಗೆಯ ಮೇಲೆ ಮಲಗಿಸಿ ರಸ್ತೆಯವರೆಗೆ ಹೊತ್ತವರಲ್ಲಿ ಸೇವಂತಿಯ ಗಂಡನೂ ಇದ್ದ. ಮುಂದೆ ಸೇವಂತಿಯೇ ದಾರಿ ಬಿಡಿಸಿಕೊಂಡು ನಡೆದಳು. ಮಹಾದೇವಿಯತ್ತ ತಿರುಗಿ ನೋಡಲಿಲ್ಲ.

ಸಯನ್‌ನ ಆಸ್ಪತ್ರೆಯಲ್ಲಿ ಶರಣು ಮಲಗಿದ ದಿನಗಳಲ್ಲಿ ಮಹಾದೇವಿ ಲಾಂಡ್ರಿಯಿಂದ ನೇರ ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತಿದ್ದಳು. ಭಾನುವಾರ ಸಭೆ ಇದ್ದರೆ ಟೀಚರ್ ಬಂದು ಶರಣುವಿನ ಹಾಸಿಗೆಯ ಪಕ್ಕ ಕೂರುತ್ತಿದ್ದರು, ಸಭೆಗೆ ಮಹಾದೇವಿ ಹೋಗುತ್ತಿದ್ದಳು. ಅದನ್ನು ಯಾರೂ ಕೂತು ಗೊತ್ತುಮಾಡಿದ್ದಲ್ಲ, ಹಾಗೇ ನಡೆದುಕೊಂಡು ಬಂತು. ಒಂದು ಸಲ ಅವಳು ಹೊರಡಲು ಮನಸ್ಸಿಲ್ಲದೆ ಕುಳಿತಿದ್ದಾಗ ಶರಣುವೇ ಅಂದ: "ಹೋಗಿ ಬಾ. ನೀ ಇಲ್ಲಿ ಕುಂತರ ಮೂಳಿ ಲಗೂ ಕೂಡೂದಿಲ್ಲ."

ಅಂತೂ ಕೋರ್ಟಿನ ಆದೇಶ ಬಂತು. ಗಲ್ಲಿಯವರಿಗೆ ಅದೇ ರಸ್ತೆಯ ಮೇಲೆ, ನಡೆದು ಹೋಗುವಷ್ಟು ದೂರದ ಕಟ್ಟಡದಲ್ಲಿ ಮನೆ. ಈಚೆಯ ದಂಡೆಯಲ್ಲಿ ಗೋಡೆ ಕಟ್ಟುವಂತಿಲ್ಲ. ಆಚೆಯ ಗೋಡೆ ಇದ್ದ ಹಾಗೇ ಇರುತ್ತದೆ. ಅಕ್ಷಯ ಇದನ್ನು ಹೇಳಲು ಗಲ್ಲಿಗೇ ಬಂದ. ಹೆಂಗಸರು ಚಪ್ಪಾಳೆ ತಟ್ಟಿದರು. ಅವನು ಮಾತ್ರ ಆ ಗೋಡೆಯನ್ನೇ ನೋಡುತ್ತಾ, "ಆಧಾ ಹೋಯ್ತು ಆಂಟಿ, ಅರ್ಧ" ಎಂದ. ಮಹಾದೇವಿ ಅವನ ಬೆನ್ನ ಮೇಲೆ ಕೈಯಿಟ್ಟು, "ಚಾ ಕುಡದು ಹೋಗಪ್ಪಾ" ಎಂದಳು.

ಮನೆಗಳನ್ನು ಒಡೆಯುವ ದಿನ ಶರಣು ನೋಡುವುದಿಲ್ಲ ಎಂದಿದ್ದ. ಆದರೂ ಕೋಲು ಊರಿಕೊಂಡು ಬಂದ. ಅವನು ಕಟ್ಟಿದ ಗೋಡೆಯನ್ನು ಜೆಸಿಬಿಗೆ ಒಂದೇ ಏಟಿಗೆ ಕೆಡವಲಾಗಲಿಲ್ಲ, ಮತ್ತೆ ಮತ್ತೆ ಗುದ್ದಬೇಕಾಯಿತು. ಸೇವಂತಿ ಮಹಾದೇವಿಯ ಪಕ್ಕಕ್ಕೆ ಬಂದು ನಿಂತು, "ಅಕ್ಕಾ, ನಿನ್ನ ತುಳಸಿ ಕುಂಡ ಎತ್ತಿಟ್ಟಿಯೇನು?" ಎಂದು ಕೇಳಿದಳು. ಎತ್ತಿಟ್ಟಿರಲಿಲ್ಲ. ಇಬ್ಬರೂ ಹೋಗಿ ಎತ್ತಿಕೊಂಡು ಬಂದರು.

ಹೊಸ ಮನೆ ಏಳನೆಯ ಮಾಳಿಗೆಯಲ್ಲಿ. ಲಿಫ್ಟು ಒಂದು ದಿನ ಇದ್ದರೆ ಒಂದು ದಿನ ಇಲ್ಲ. ಶರಣು ಕೆಳಗೆ ಇಳಿಯುವುದೇ ಅಪರೂಪವಾಯಿತು. ಕಿಟಕಿಯಲ್ಲಿ ಕುಳಿತು ರಸ್ತೆ ನೋಡುತ್ತಾನೆ. ಮೊದಲ ಮಳೆಗೆ ಹಳ್ಳದ ನೀರು ಅವರು ಬಿಟ್ಟುಬಂದ ಜಾಗದಲ್ಲಿ ಹರಡಿ ನಿಂತಿತು. ಅದರ ಹಿಂಬದಿಯ ಗಲ್ಲಿಗಳಿಗೆ ಆ ವರ್ಷ ನೀರು ಹೋಗಲಿಲ್ಲ. ಈ ಸಲ ಮಳೆ ಕಡಿಮೆ ಎಂದುಕೊಂಡರು ಅಲ್ಲಿಯ ಜನ. ನೀರಿನ್ನೂ ಕಪ್ಪಾಗಿಯೇ ಇದೆ.

ಅದಾದ ಮೇಲೊಂದು ಭಾನುವಾರ ವಸಂತಿ ಟೀಚರ್ ಮೆಟ್ಟಿಲು ಹತ್ತಿಕೊಂಡು ಬಂದರು. ಏದುಸಿರು ಇಳಿಯುವವರೆಗೆ ನೆಲದ ಮೇಲೇ ಕುಳಿತರು.

"ಜೋಗೇಶ್ವರಿ ಕಡೆ ಒಂದು ನಾಲೆ ಉಂಟು. ಅಲ್ಲಿಯವರು ಒಕ್ಕೂಟದವರನ್ನು ಒಳಗೇ ಬಿಡುದಿಲ್ಲ ಹೇಳ್ತಾರೆ, ಮನೆ ಒಡೆಸುವವರು ಅಂತ. ನೀವು ಒಂದು ಸಲ ಬಂದು ಮಾತಾಡ್ಬೇಕು."

"ನನ್ನ ಕಾಲು ನೋಡ್ರಿ ಟೀಚರ್."

"ನಂದು ಸಹ ಹಾಗೇ ಉಂಟು ಮಾರಾಯ್ತಿ."

ಮಹಾದೇವಿ ಒಲೆ ಆರಿಸಿ, ಶರಣುವಿಗೆ ರೊಟ್ಟಿ ಮುಚ್ಚಿಟ್ಟು, ಸೀರೆ ಬದಲಿಸಿದಳು. ಜೋಗೇಶ್ವರಿಯ ಆ ಗಲ್ಲಿಯ ಬಾಯಿಯಲ್ಲೇ ಹೆಂಗಸರು ಸುತ್ತುಗಟ್ಟಿದರು. ಹಿಂದಿಯಲ್ಲಿ, ಮರಾಠಿಯಲ್ಲಿ, ಒಬ್ಬರ ಮೇಲೊಬ್ಬರು ಕೂಗಿದರು. ನಿಮಗೇನು ಗೊತ್ತು, ನಿಮ್ಮ ಮನೆ ಹೋಗಿದೆಯಾ ಎಂದರು. ಟೀಚರ್ ಏನೋ ಹೇಳಲು ಬಾಯಿ ತೆರೆದಾಗ ಮಹಾದೇವಿ ಅವರ ಕೈ ಹಿಡಿದು ತಡೆದಳು. ಒಂದು ಕಟ್ಟೆ ಹುಡುಕಿ ಕುಳಿತು, ಕಾಲು ಚಾಚಿ, ಅವರ ಕೂಗು ತಾನಾಗಿಯೇ ತಣ್ಣಗಾಗುವವರೆಗೆ ಕೇಳಿದಳು. ಬಹಳ ಹೊತ್ತು ಹಿಡಿಯಿತು. ಆಮೇಲೆ ಕುಡಿಯಲು ನೀರು ಕೇಳಿದಳು. ಒಬ್ಬಳು ತಂದುಕೊಟ್ಟಳು.