ಎಲ್ಲಿಲ್ಲ ಎಂದು ಕೇಳುವ ಮಬ್ರೂಕಾ

ಸಹಾರಾ ಮರುಭೂಮಿಯ ವರ್ಗ್ಲಾ ಊರಿನಲ್ಲಿ ಮೇಕೆ ಕಳೆದರೆ ಪೊಲೀಸರಿಗಿಂತ ಮೊದಲು ಮಬ್ರೂಕಾಗೆ ಸುದ್ದಿ ಹೋಗುತ್ತಿತ್ತು. ಆಕೆ ಕೇಳುತ್ತಿದ್ದುದು ಒಂದೇ ಮಾತು: "ಎಲ್ಲೆಲ್ಲಿ ಇಲ್ಲ, ಅದನ್ನ ಹೇಳಿ." ಸಂತೆಯಲ್ಲಿಲ್ಲವೇ? ಹುಡುಕುವ ಲೆಕ್ಕದಲ್ಲಿ ಅಲ್ಲಿನ ಅಷ್ಟೂ ಓಣಿಗಳು ಧರಾಶಾಯಿಯಾದವು. ತೋಟದ ಕಡೆ ಹೆಜ್ಜೆಯಿಲ್ಲವೇ? ಲಕ್ಷ ಖರ್ಜೂರದ ಮರಗಳು ಒಂದೇ ಏಟಿಗೆ ಉರುಳಿದವು. ಕೊನೆಗೆ ಉಳಿದ ಮೂಲೆಯಲ್ಲಿ ಮೇಕೆ ಸಿಗುತ್ತಿತ್ತು. ಕೂತಲ್ಲಿಂದ ಏಳದೆ ಅರ್ಧ ಸಹಾರಾವನ್ನು ಸೋಲಿಸಿದ ಹೆಂಗಸೆಂದು ಊರು ಕೊಂಡಾಡುತ್ತಿತ್ತು.

ಹೊಟ್ಟೆಪಾಡಿಗೆ ಆಕೆ ಮರುಭೂಮಿಯ ದಾರಿಗಳ ಕಚೇರಿಯಲ್ಲಿ ಡೇಟಾಬೇಸ್ ನೋಡಿಕೊಳ್ಳುತ್ತಿದ್ದಳು. ಬಾವಿ, ಬಿಡಾರ, ಹಾದಿಯ ಒಂದೊಂದು ತಿರುವೂ ಸೇರಿ ಎರಡು ಕೋಟಿ ಗುರುತುಗಳು. ಹತ್ತಿರದ ಬಾವಿ ಯಾವುದೆಂದು ಕೇಳಿದರೆ ಮುದಿ ಕಂಪ್ಯೂಟರ್ ಸಮುದ್ರದಂಡೆಯಿಂದ ಶುರುಮಾಡಿ ಒಂದೊಂದನ್ನೂ ಅಳೆದು, ಹನ್ನೊಂದು ನಿಮಿಷಕ್ಕೆ ಬಾಯಿ ಬಿಡುತ್ತಿತ್ತು. ಅದಕ್ಕೇ ಆ ದಿನ ಆಕೆ ಇಂಡೆಕ್ಸ್ ಕಟ್ಟಲು ಕೂತಿದ್ದಳು: ನೆಲವನ್ನೆಲ್ಲ ಪೆಟ್ಟಿಗೆಯೊಳಗೆ ಪೆಟ್ಟಿಗೆಯಾಗಿ ಹಂಚುವ ಕೆಲಸ.

ನಡುಮಧ್ಯಾಹ್ನ ಉಪಗ್ರಹ ಫೋನು ಕೂಗಿತು. ಲಾರಿ ಚಾಲಕ ಬುಜೆಮ್ಮಾ; ಊರವರೆಲ್ಲರಂತೆ ಅವನೂ ಆಕೆಯನ್ನು ಗೌರವದಿಂದ ಲಲ್ಲಾ ಎನ್ನುತ್ತಿದ್ದ.

"ಲಲ್ಲಾ, ಆಕ್ಸಲ್ ಮುರೀತು. ಮೂರು ಜನ ಇದೀವಿ, ನೀರು ಒಂದೇ ಬಾಟ್ಲು. ನಾವಿರೋ ಜಾಗದ ನಂಬರ್ ಬರ್ಕೊಳ್ಳಿ." ಬರೆದುಕೊಂಡಳು. "ಬ್ಯಾಟರಿ ಸಾಯ್ತಿದೆ. ಹತ್ತು ನಿಮಿಷ ಬಿಟ್ಟು ಇನ್ನೊಂದೇ ಸಲ ಮಾಡ್ತೀನಿ. ಬಾವಿ ಯಾವ ದಿಕ್ಕಿಗಿದೆ, ಹೇಳ್ಬಿಡಿ."

ಸಹಾಯದ ಜೀಪು ರಾತ್ರಿಗೆ ಮೊದಲು ಅಲ್ಲಿಗೆ ತಲುಪದು.

"ಆ ಪೆಟ್ಟಿಗೆ ಆಟ ನಿಲ್ಸಿ, ಹಳೇ ಥರನೇ ಹುಡ್ಕಿ!" ಎಂದ ಮೇಲಧಿಕಾರಿ ಸಿ ತಿಜಾನಿ.

"ಅದಕ್ಕೆ ಹನ್ನೊಂದು ನಿಮಿಷ ಬೇಕು. ಹೆಚ್ಚಿನ ಒಂದು ನಿಮಿಷ ನಿಮ್ಮ ಜೇಬಿಂದ ಕೊಡ್ತೀರಾ?"

ಏಳನೆಯ ನಿಮಿಷಕ್ಕೆ ಇಂಡೆಕ್ಸ್ ಮುಗಿಯಿತು. ಪ್ರಶ್ನೆ ಹಾಕಿದಳು. ಪರದೆ ಸುಮ್ಮನಿತ್ತು. ಅರ್ಧ ನಿಮಿಷ. ಒಂದು ನಿಮಿಷ.

"ಏನು ಲಲ್ಲಾ, ಪೆಟ್ಟಿಗೆಗಳು ನಿದ್ದೆ ಹೊಡೀತಿವೆಯಾ?" ಸಿ ತಿಜಾನಿ ಕುಟುಕಿದ.

ಮಬ್ರೂಕಾ ಪರದೆಯತ್ತ ಬಾಗಿದಳು. ತಾನು ಬರೆದದ್ದನ್ನು ಓದಿಕೊಂಡಳು. ಗಾಬರಿಯಲ್ಲಿ ಹಳೆಯ ಪ್ರಶ್ನೆಯನ್ನೇ ಹಾಕಿದ್ದಳು: ಎಲ್ಲಕ್ಕೂ ದೂರ ಅಳೆ, ಆಮೇಲೆ ಹತ್ತಿರದ್ದನ್ನು ಆರಿಸು. ಹೊಸ ಪೆಟ್ಟಿಗೆಗಳತ್ತ ಕಂಪ್ಯೂಟರ್ ತಿರುಗಿಯೂ ನೋಡಿರಲಿಲ್ಲ. ಊರಿಗೆಲ್ಲ ಬುದ್ಧಿ ಹೇಳಿದ ಮಹಾತಾಯಿ 'ಎಲ್ಲೆಲ್ಲಿ ಇಲ್ಲ' ಎಂಬ ತನ್ನ ಮಂತ್ರವನ್ನೇ ಮರೆತಿದ್ದಳು!

ಅದನ್ನು ನಿಲ್ಲಿಸಿ ಹೊಸದಾಗಿ ಬರೆದಳು: ಲಾರಿಯ ಸುತ್ತ ಒಂದು ಚೌಕ, ಅದನ್ನು ಮುಟ್ಟದ ಪೆಟ್ಟಿಗೆಗಳನ್ನು ತೆರೆಯಲೇ ಬೇಡ, ಒಳಗಿನ ಬಾವಿಗಳನ್ನಷ್ಟೇ ಅಳೆ. ಗುಂಡಿ ಒತ್ತುವಾಗಲೇ ಫೋನು ಕೂಗಿತು.

"ಲಲ್ಲಾ?"

ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಸಾಲು ಮೂಡಿತು. "ಈಶಾನ್ಯಕ್ಕೆ ನಾಲ್ಕು ಕಿಲೋಮೀಟರ್, ಬುಜೆಮ್ಮಾ! ಒಂಟೆಗಾರರ ಬಾವಿ. ಬಿಸಿಲು ಇಳಿದ ಮೇಲೆ..." ಫೋನು ಸತ್ತಿತು.

ಕೇಳಿಸಿತೋ ಇಲ್ಲವೋ. ಮೂರು ಲೋಟ ಚಹಾ ಮುಟ್ಟದೆ ಆರಿಹೋಯಿತು. ಸಂಜೆ ಏಳಕ್ಕೆ ಒಂಟೆಗಾರನೊಬ್ಬನ ಫೋನಿನಿಂದ ಬುಜೆಮ್ಮಾನ ದನಿ ಬಂತು: "ಮೂರೂ ಜನ ಹೊಟ್ಟೆ ತುಂಬ ನೀರು ಕುಡಿದ್ವಿ, ಲಲ್ಲಾ. ಒಂಟೆಗಳು ನಮ್ಮನ್ನೇ ಗುರಾಯಿಸ್ತಿವೆ."

ಸಿ ತಿಜಾನಿ ಎದ್ದು ನಿಂತ. "ಲಲ್ಲಾ ಮಬ್ರೂಕಾ, ಇಡೀ ಸಹಾರಾನೇ ಒಂದು ಕ್ಷಣಕ್ಕೆ ಜಾಲಾಡಿಬಿಟ್ರಲ್ಲ!"

"ಎಲ್ಲಿ ಜಾಲಾಡಿದೆ? ಬೇರೆ ಕಡೆ ನೋಡ್ಲೇ ಇಲ್ಲ, ಅಷ್ಟೆ."