ಬೇಲಿಯೊಳಗಿನ ಕಾಡುಕುರಿ

ಕೊಲ್ಲಿ ನಾಡಿನ ಮೈದಾನ್ ಹವಲ್ಲಿಯ ಫ್ಲ್ಯಾಟಿನಲ್ಲಿ ಕುಳಿತು ನಾನು ಇಂಗ್ಲೆಂಡಿನ ಕಾಡು ಕಾಯುತ್ತೇನೆಂದು ಅಪ್ಪ ಗೇಲಿ ಮಾಡುತ್ತಿದ್ದರು. ಅಲ್ಲಿನ ಮರಗಳಿಗೆ ಕಟ್ಟಿದ ಕ್ಯಾಮೆರಾಗಳ ಚಿತ್ರ ನೋಡಿ ಯಾವ ಪ್ರಾಣಿ, ಎಷ್ಟು ಎಂದು ಬರೆದು ಕಳಿಸುವ ಸ್ವಯಂಸೇವೆ ಅದು. ಏಳನೇ ಕ್ಯಾಮೆರಾ ನನ್ನೊಬ್ಬಳದೇ. ನರಿಗೆ, ಬ್ಯಾಜರ್‌ಗೆ, ಮರಕುಟಿಗಕ್ಕೆ ನನ್ನ ಡೈರಿಯಲ್ಲಿ ಬೇರೆಬೇರೆ ಪುಟಗಳಿದ್ದವು.

ಕಾಡು ನೂರಾರು ವರ್ಷ ಹಳೆಯದು. ಅಲ್ಲಿ ಹೇಝಲ್ ಗಿಡಗಳನ್ನು ಬುಡದವರೆಗೆ ಕಡಿಯುತ್ತಾರೆ. ಚಿಗುರಿ ಬೆಳೆದ ಮೇಲೆ ಮತ್ತೆ ಕಡಿಯುತ್ತಾರೆ. ಹಿಂದೆ ಸೌದೆಗೆ, ಬೇಲಿಗೆ. ಈಗ ಬಿಸಿಲು ನೆಲ ಮುಟ್ಟಿ ನೀಲಿ ಹೂ ಅರಳಲೆಂದು. ಕಡಿದರೆ ಬುಡಕ್ಕೆ ಆಯುಷ್ಯ ಹೆಚ್ಚು. ಪ್ರಾಣಿಗಳು ಚಿಗುರನ್ನು ಮೇಯುತ್ತಲೇ ಇದ್ದರೆ ಮಾತ್ರ ಸಾಯುತ್ತದೆ.

ಮೇ ಮೊದಲ ವಾರ ಮೇಯುವವಳು ಕ್ಯಾಮೆರಾಗೆ ಸಿಕ್ಕಳು: ನಾಯಿಯೆತ್ತರದ ಪುಟ್ಟ ಜಿಂಕೆ, ಬಲಗಿವಿ ಹರಿದಿತ್ತು. ಅಪ್ಪ ಪರದೆಯತ್ತ ಬಗ್ಗಿದರು.

"ಏ, ಇದು ನಮ್ ಕಾಡುಕುರಿ ಕಣೇ. ಇದಕ್ಯಾರು ವೀಸಾ ಕೊಟ್ರು?"

"ನಮ್ದಲ್ಲಪ್ಪ, ಚೀನಾದ್ದು. ಯಾರೋ ಪಾರ್ಕಿಗೆ ಅಂತ ತಂದಿದ್ರು, ತಪ್ಪಿಸ್ಕೊಂಡು ಕಾಡು ಸೇರ್ತು. ನೂರು ವರ್ಷ ಆಯ್ತು."

"ನೂರು ವರ್ಷ ಆದ್ರೂ ಹೊರಗಿನೋರೇನಾ?"

"ಇಕಾಮಾ ರಿನ್ಯೂ ಮಾಡ್ಸಿಲ್ವೇನೋ," ಎಂದರು ಅಮ್ಮ ಅಡುಗೆಮನೆಯಿಂದ. ಇಲ್ಲಿ ವಾಸಿಸಲು ನಮ್ಮಂಥ ಹೊರಗಿನವರಿಗೆ ಬೇಕಾದ ಪರವಾನಗಿ ಅದು.

ಆ ವಾರವೇ ಕಾಡಿನ ಉಸ್ತುವಾರಿಯವರ ಮೇಲ್ ಬಂತು. ಏಳನೇ ಕ್ಯಾಮೆರಾ ಇರುವ, ಕಡಿದ ಗಿಡಗಳ ಸುತ್ತಲಿನ ಬೇಲಿಯೊಳಗೆ ಒಂದೇ ಕಾಡುಕುರಿ ಇದ್ದರೆ ಹೊರಗೆ ಓಡಿಸಿ ಬೇಲಿ ಸರಿಪಡಿಸುತ್ತಾರೆ; ಹೆಚ್ಚಿದ್ದರೆ ಬಂದೂಕಿನವರನ್ನು ಕರೆಸಬೇಕು. ಭಾನುವಾರದೊಳಗೆ ಲೆಕ್ಕ ಬೇಕು.

ಒಂದೇ ಇರಲಿ ಎಂದುಕೊಂಡು ಚಿತ್ರಗಳನ್ನೆಲ್ಲ ಮೊದಲಿನಿಂದ ನೋಡಿದೆ. ನಡುವೆ ಎದ್ದು ಎಸಿ ಕಡಿಮೆ ಮಾಡಿದೆ, ಮತ್ತೆ ಹೆಚ್ಚಿಸಿದೆ. ಎಲ್ಲದರಲ್ಲೂ ಹರಿದ ಬಲಗಿವಿಯೇ. ಶುಕ್ರವಾರ ಮಧ್ಯಾಹ್ನ ಒಂದು ಚಿತ್ರದಲ್ಲಿ ಎರಡೂ ಕಿವಿ ನೆಟ್ಟಗಿದ್ದವು. ಗಾಯವಾಗುವ ಮುಂಚಿನದಿರಬಹುದೆಂದು ತಾರೀಖು ನೋಡಿದೆ. ಹಿಂದಿನ ದಿನ, ಗುರುವಾರದ್ದು. ಹಾಗಾದರೆ ಇದು ಇನ್ನೊಂದು.

"ಒಂದು ಅಂತ ಕಳ್ಸು, ಖಲಾಸ್," ಎಂದರು ಅಪ್ಪ. "ಇಲ್ಲಿಗೆ ಬಂದು ಯಾರು ಚೆಕ್ ಮಾಡ್ತಾರೆ?"

"ಚಿಗುರೆಲ್ಲ ಹೋಗತ್ತಪ್ಪ."

"ಹೋಗ್ಲಿ ಬಿಡೆ. ಅಷ್ಟು ವರ್ಷ ಇದ್ದಿದ್ದು, ಇದೊಂದ್ಸಲಕ್ಕೆ ಏನಾಗತ್ತೆ?"

ಏನಾಗುತ್ತದೆಂದು ನನಗೂ ಖಚಿತವಿರಲಿಲ್ಲ. ಬೋಳಾದ ಬುಡಗಳನ್ನು ಇನ್ನೊಮ್ಮೆ ನೋಡಿ ಎರಡು ಎಂದು ಕಳಿಸಿದೆ.

ಸಂಜೆಯೊಳಗೆ ಉತ್ತರ ಬಂತು. ಧನ್ಯವಾದ, ಬಂದೂಕಿನವರು ಮಂಗಳವಾರ ಬರುತ್ತಾರೆ.

ಕೂರಲಾಗಲಿಲ್ಲ. ಚಪ್ಪಲಿ ಮೆಟ್ಟಿ ಕೆಳಗಿಳಿದು ಕಟ್ಟಡ ಸುತ್ತಿದೆ. ಬಿಸಿ ಗಾಳಿ ತಡೆಯಲಾರದೆ ವಾಪಸಾದೆ. ಮಂಗಳವಾರದ ಚಿತ್ರಗಳನ್ನು ಬೇರೆ ಯಾರಿಗಾದರೂ ಕೊಡಿ ಎಂದು ಉಸ್ತುವಾರಿಯವರಿಗೆ ಮೆಟ್ಟಿಲ ಮೇಲೆ ನಿಂತು ಫೋನಿನಲ್ಲಿ ಬರೆದೆ. ಬಾಗಿಲು ತಲುಪುವಷ್ಟರಲ್ಲಿ, ಕಳಿಸದೆಯೇ ಅಳಿಸಿದೆ. ಏಳನೇ ಕ್ಯಾಮೆರಾ ನನ್ನದು.