ಅಪ್ಪನ ಪಾಲು

ಮೊನ್ನೆ ಬಂಟ್ವಾಳದಿಂದ ಮೂಡುಬಿದಿರೆಗೆ ಬರುವ ಬಸ್ಸಿನಲ್ಲಿ ಪಕ್ಕದ ಹೆಂಗಸು ಹಣೆಗೆ ತಲೆನೋವಿನ ಮುಲಾಮು ತಿಕ್ಕಿಕೊಂಡಳು. ನನ್ನ ಕಣ್ಣಲ್ಲಿ ನೀರು ಬಂತು. ಘಾಟಿಗೆ ಅಂದುಕೊಂಡು ಅವಳು ಕಿಟಕಿ ಸರಿಸಿದಳು. ನನಗೆ ಅಕ್ಕನ ನೆನಪಾಗಿತ್ತು...

ಸುಳ್ಳು ಯಾಕೆ ಹೇಳಲಿ, ಅಕ್ಕನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಅಪ್ಪನ ಮೂಗು, ಅಪ್ಪನ ಉದ್ದ ಬೆರಳು, ನಗುವಾಗ ಒಂದೇ ಹುಬ್ಬು ಮೇಲೇರುವ ಚಂದ, ಎಲ್ಲ ಅವಳಿಗೇ. ನಾನು ಅಮ್ಮನ ಪಡಿಯಚ್ಚು. ಮೆದುಳಿನ ಗಡ್ಡೆಯಿಂದ ಅಪ್ಪ ತೀರಿಕೊಂಡಾಗ ಶಿರ್ತಾಡಿಯ ಮನೆಗೆ ಬಂದವರೆಲ್ಲ ಅವಳ ಮುಖ ನೋಡಿ ಅತ್ತರು. ನಾನು ಚಹಾ ಹಂಚುತ್ತಿದ್ದೆ.

ಕೆಲವು ವರ್ಷದ ಮೇಲೆ ಅಕ್ಕನಿಗೂ ತಲೆನೋವು ಶುರುವಾಯಿತು. ತಲೆನೋವಲ್ಲೂ ಅಪ್ಪನ ಹಾಗೇ ಆಗಬೇಕಾ ನಿನಗೆ ಎಂದು ಚುಚ್ಚಿದೆ. ಅವಳು ಮುಲಾಮಿನ ಡಬ್ಬಿ ತೆಗೆದುಕೊಂಡಳು. ಅಪ್ಪನ ತಂಗಿಯೂ ಇಂಥದೇ ಗಡ್ಡೆಯಿಂದ ಹೋದದ್ದು ಮನೆಯವರಿಗೆಲ್ಲ ಗೊತ್ತಿತ್ತು. ಆದರೆ ನಮ್ಮಲ್ಲಿ ಕುಲ ತಾಯಿಯ ಕಡೆಯಿಂದ ಬರುವುದು, ಅದಕ್ಕೆ ‘ಬರಿ’ ಎನ್ನುತ್ತೇವೆ. ಅಪ್ಪನ ಬರಿ ಬೇರೆ, ಮಕ್ಕಳದ್ದು ಬೇರೆ. ಸೋದರಮಾವ ಎಲೆಯಡಿಕೆ ಜಗಿಯುತ್ತಾ ಅಮ್ಮನಿಗೆ ತೀರ್ಪು ಕೊಟ್ಟರು: “ಅದು ಅವರ ಬರಿಯ ಕಾಯಿಲೆ ಮಾರಾಯ್ತಿ. ನಮ್ಮ ಮಕ್ಕಳಿಗೆ ಬರ್ಲಿಕ್ಕೆ ದಾರಿ ಎಲ್ಲಿ ಉಂಟು?”

ಅಮ್ಮ ನಂಬಿದರು, ನಾನೂ ನಂಬಿದೆ. ಆ ಮಳೆಗಾಲವಿಡೀ ಮುಲಾಮಿನಲ್ಲೇ ಕಳೆಯಿತು.

ಕೊನೆಗೆ ಮಂಗಳೂರಿನ ಆಸ್ಪತ್ರೆಯಲ್ಲಿ ಅಕ್ಕನಿಗೂ ಗಡ್ಡೆ ಎಂದರು. ಹೆಚ್ಚಿನವರಲ್ಲಿ ಇದು ವಂಶದಿಂದ ಬರುವುದಲ್ಲ, ಎಲ್ಲೋ ಕೆಲವು ಕುಟುಂಬಗಳಲ್ಲಿ ಮಾತ್ರ ಹಾಗೆ, ಅಲ್ಲಿ ಅಪ್ಪನಿಂದಲೂ ಬರಬಹುದು, ಅಮ್ಮನಿಂದಲೂ ಬರಬಹುದು ಎಂದು ಡಾಕ್ಟರು ಬಿಡಿಸಿ ಹೇಳಿದರು. ರಕ್ತಕ್ಕೆ ನಮ್ಮ ಬರಿಯ ಲೆಕ್ಕ ಇರಲಿಲ್ಲ. ನಮ್ಮಿಬ್ಬರ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು. ವಂಶದಿಂದ ಬರುವ ಆ ದೋಷ ಅಕ್ಕನಲ್ಲಿತ್ತು. ನನ್ನಲ್ಲಿರಲಿಲ್ಲ.

ಕಾಗದ ಹಿಡಿದು ಅವಳ ಮಂಚದ ಹತ್ತಿರ ನಿಂತೆ. ಬದುಕಿಕೊಂಡೆ ಎಂಬ ಸಂತೋಷ ಮುಖದಲ್ಲಿ ಕಂಡಿರಬೇಕು, ನಾಚಿಕೆಯಾಯಿತು. ಅಕ್ಕ ನಕ್ಕಳು, ಅದೇ ಹುಬ್ಬು ಮೇಲೇರಿತು.

“ಅಪ್ಪನದ್ದೆಲ್ಲ ನನಗೇ ಬಂತು ಅಂತ ಸಣ್ಣದಿರುವಾಗ ಅಳ್ತಿದ್ದೆಯಲ್ಲ,” ಎಂದಳು. “ಇದೊಂದು ನನಗೇ ಇರ್ಲಿ.”

ಮುಂದಿನ ಮಳೆಗಾಲಕ್ಕೆ ಅವಳಿರಲಿಲ್ಲ...

ಮೊನ್ನೆ ಬಸ್ಸಿಳಿದು ಮನೆಗೆ ಬಂದವಳು ಕನ್ನಡಿಯೆದುರು ಒಂದೇ ಹುಬ್ಬು ಏರಿಸಿ ನೋಡಿದೆ. ಎರಡೂ ಏರಿದವು. ಈಗಲೂ ಹೊಟ್ಟೆಕಿಚ್ಚಾಗುತ್ತದೆ, ಅಪ್ಪ ಅಕ್ಕ ಇಬ್ಬರೇ ಒಂದೇ ದಾರಿಯಲ್ಲಿ ಹೋದರಲ್ಲ ಎಂದು. ಅಪ್ಪನ ನೆನಪಾದರೆ ನೋಡಲು ಈ ಮನೆಯಲ್ಲಿ ಒಂದು ಮುಖವೂ ಉಳಿದಿಲ್ಲ.